ಶಿರಾಡಿ ಘಾಟಿಯಲ್ಲಿ ನಿಂತ ಡೀಸೆಲ್ ಕಾರು: ಟರ್ಬೊ ದೋಷದ ರಿಕವರಿ ಮತ್ತು ದುರಸ್ತಿಯ ದಾಖಲೆ

ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಗುಂಡ್ಯದಿಂದ ಸಕಲೇಶಪುರದ ಕಡೆಗೆ ಏರುವಾಗ ಟರ್ಬೊ (ಹೊರಹೋಗುವ ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಸಾಧನ) ಇರುವ ಡೀಸೆಲ್ ಕಾರೊಂದು ಶಕ್ತಿ ಕಳೆದುಕೊಂಡು ನಿಂತರೆ, ಅದರ ದೋಷ ಆ ದಿನವೇ ಹುಟ್ಟಿದ್ದಲ್ಲ ಎಂದು ಬಹುಮಟ್ಟಿಗೆ ಧೈರ್ಯವಾಗಿ ಹೇಳಬಹುದು. ಸಮತಟ್ಟಾದ ರಸ್ತೆಯಲ್ಲಿ ಅರ್ಧ ಆಕ್ಸಿಲರೇಟರ್‌ನಲ್ಲಿ ಓಡುವಾಗ ಟರ್ಬೊ ಮೇಲೆ ಬೀಳುವ ಹೊರೆ ಕಡಿಮೆ; ತುಂಬಿದ ಕಾರು ಎರಡನೆಯ, ಮೂರನೆಯ ಗೇರಿನಲ್ಲಿ ಒಂದೇ ಸಮನೆ ಏರುವಾಗ ಮಾತ್ರ ಎಂಜಿನ್ ಪೂರ್ಣ ಒತ್ತಡದ ಗಾಳಿಯನ್ನು ಬಹಳ ಹೊತ್ತು ಕೇಳುತ್ತದೆ. ಅದರ ಜೊತೆಗೆ ಎತ್ತರ ಹೆಚ್ಚಿದಂತೆ ಹೊರಗಿನ ಗಾಳಿ ತೆಳುವಾಗುವುದರಿಂದ, ಅಷ್ಟೇ ಒತ್ತಡ ಕೊಡಲು ಟರ್ಬೊ ಇನ್ನೂ ವೇಗವಾಗಿ ತಿರುಗಬೇಕಾಗುತ್ತದೆ. ಆದ್ದರಿಂದ ಮಂಗಳೂರಿನ ಸುತ್ತಮುತ್ತ ತಿಂಗಳುಗಟ್ಟಲೆ ಯಾವ ದೂರೂ ಇಲ್ಲದೆ ಓಡಿದ ಕಾರು ಕೆಂಪುಹೊಳೆ ದಾಟಿದ ಮೇಲೆ ಕೈಕೊಡುವುದು ನಮ್ಮ ಗ್ಯಾರೇಜಿನವರಿಗೆ ಹೊಸ ಸಂಗತಿಯಲ್ಲ.

ಇಲ್ಲಿ ಬರೆಯುತ್ತಿರುವುದು ಹಾಗೆ ನಿಂತ ಒಂದು ಕಾರಿನ ವಿವರ. 1.5 ಲೀಟರ್‌ನ ಕಾಮನ್ ರೈಲ್ ಡೀಸೆಲ್ ಎಂಜಿನ್, ಬಿಎಸ್4 ಹೊಗೆ ನಿಯಮದ ಕಾಲದ್ದು, ನಿರ್ವಾತದಿಂದ ನಡೆಯುವ ಆಕ್ಚುಯೇಟರ್ ಇರುವ ವೇರಿಯಬಲ್ ಜಿಯಾಮೆಟ್ರಿ ಟರ್ಬೊ (ಒಳಗಿನ ವೇನ್ ಎಂಬ ಚಿಕ್ಕ ರೆಕ್ಕೆಗಳನ್ನು ಆಕ್ಚುಯೇಟರ್ ತೆರೆದು ಮುಚ್ಚಿ ಒತ್ತಡ ನಿಯಂತ್ರಿಸುವ ಬಗೆ), ಮ್ಯಾನ್ಯುಯಲ್ ಗೇರ್‌ಬಾಕ್ಸ್. ಇದೇ ಬಗೆಯ ರಚನೆ ಅನೇಕ ಕಂಪನಿಗಳ ಕಾರುಗಳಲ್ಲಿ ಇರುವುದರಿಂದ ಮಾದರಿಯ ಹೆಸರಿಗಿಂತ ದೋಷ ಸಾಗಿ ಬಂದ ದಾರಿ ಮುಖ್ಯವೆಂದು ಭಾವಿಸಿ, ಆ ದಾರಿಯನ್ನೇ ವಿವರವಾಗಿ ದಾಖಲಿಸುತ್ತಿದ್ದೇನೆ.

ಫೋನಿನಲ್ಲೇ ಆಗಬೇಕಾದ ನಿರ್ಣಯ

ಟರ್ಬೊ ದೋಷದ ಕರೆ ಬಂದಾಗ ಗಾಡಿ ಕಳಿಸುವ ಮೊದಲು ತಿಳಿಯಬೇಕಾದದ್ದು ಒಂದೇ: ಎಂಜಿನ್ ಗಾಳಿಯನ್ನು ಕಳೆದುಕೊಳ್ಳುತ್ತಿದೆಯೋ, ಆಯಿಲನ್ನು ಕಳೆದುಕೊಳ್ಳುತ್ತಿದೆಯೋ. ಟರ್ಬೊ ಮತ್ತು ಇಂಟರ್‌ಕೂಲರ್ (ಟರ್ಬೊ ಕಳಿಸಿದ ಬಿಸಿ ಗಾಳಿಯನ್ನು ತಣ್ಣಗಾಗಿಸುವ ಭಾಗ) ನಡುವಿನ ಹೋಸ್ ಹರಿದರೆ, ಅಥವಾ ಕ್ಲ್ಯಾಂಪ್ ಜಾರಿ ಪೈಪ್ ಕಳಚಿಕೊಂಡರೆ, ಎಂಜಿನ್ನಿಗೆ ಹೋಗಬೇಕಾದ ಗಾಳಿ ಹೊರಗೆ ಸೋರುತ್ತದೆ. ಏರ್ ಫ್ಲೋ ಸೆನ್ಸರ್ ಅಳೆದ ಗಾಳಿಯ ಲೆಕ್ಕದಲ್ಲಿ ಡೀಸೆಲ್ ಬೀಳುವುದರಿಂದ ಕಪ್ಪು ಹೊಗೆ ಬರುತ್ತದೆ, ಪಿಕಪ್ ಹೋಗುತ್ತದೆ, ಸ್ವಲ್ಪ ಹೊತ್ತಿನಲ್ಲೇ ಎಂಜಿನ್ ಲೈಟ್ ಹೊತ್ತಿ ಕಾರು ಲಿಂಪ್ ಮೋಡಿಗೆ, ಅಂದರೆ ಎಂಜಿನ್ ಕಾಪಾಡಲು ಶಕ್ತಿ ತಗ್ಗಿಸಿಕೊಳ್ಳುವ ಸ್ಥಿತಿಗೆ, ಹೋಗುತ್ತದೆ. ಇಂಥ ಕಾರನ್ನು ಅನಿವಾರ್ಯವಾದರೆ ಕಡಿಮೆ ವೇಗದಲ್ಲಿ ಸುರಕ್ಷಿತ ಜಾಗದವರೆಗೆ ತರಬಹುದು. ಆದರೆ ಟರ್ಬೊದ ಬೇರಿಂಗ್ ಸವೆದು ಸೀಲ್ ದಾಟಿ ಆಯಿಲ್ ಗಾಳಿಯ ಪೈಪಿಗೆ ಇಳಿಯುತ್ತಿದ್ದರೆ ನೀಲಿ ಹೊಗೆ ಕಾಣಿಸುತ್ತದೆ. ಅಂಥ ಎಂಜಿನ್ನನ್ನು ಇನ್ನೊಂದು ಸಲ ಸ್ಟಾರ್ಟ್ ಮಾಡುವುದೂ ಅಪಾಯ.

ಈ ಅಪಾಯವನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಒಳಗೆ ಹೋದ ಉರಿಯುವ ವಸ್ತು ಏನೇ ಆಗಿರಲಿ, ಸಂಕುಚಿತ ಗಾಳಿಯ ಬಿಸಿಗೆ ಅದು ಹೊತ್ತಿಕೊಳ್ಳುತ್ತದೆ. ಟರ್ಬೊದಿಂದ ಸೋರಿದ ಆಯಿಲ್ ಇಂಟರ್‌ಕೂಲರ್‌ನಲ್ಲಿ ಸಂಗ್ರಹವಾಗಿ ಒಮ್ಮೆಲೇ ಸಿಲಿಂಡರಿಗೆ ನುಗ್ಗಿದರೆ, ಎಂಜಿನ್ ತನ್ನ ಆಯಿಲನ್ನೇ ಇಂಧನವಾಗಿ ಸುಡುತ್ತಾ ತಾನಾಗಿಯೇ ರೇಸ್ ಹಿಡಿಯುತ್ತದೆ. ಆಗ ಕೀ ತಿರುಗಿಸಿ ಡೀಸೆಲ್ ನಿಲ್ಲಿಸಿದರೂ ಎಂಜಿನ್ ನಿಲ್ಲುವ ಭರವಸೆಯಿಲ್ಲ. ಮ್ಯಾನ್ಯುಯಲ್ ಕಾರಿನಲ್ಲಿ ಬ್ರೇಕನ್ನು ಪೂರ್ತಿ ಒತ್ತಿ ಹಿಡಿದು, ಹ್ಯಾಂಡ್‌ಬ್ರೇಕ್ ಎಳೆದು, ಅತ್ಯಂತ ಮೇಲಿನ ಗೇರಿಗೆ ಹಾಕಿ ಕ್ಲಚ್ ಬಿಟ್ಟು ಎಂಜಿನ್ನನ್ನು ಬಲವಂತವಾಗಿ ಬಂದ್ ಮಾಡಬೇಕಾಗುತ್ತದೆ. ಅದು ತಪ್ಪಿದರೆ ಬಾನೆಟ್ ತೆರೆಯಲು ಹೋಗದೆ ಜನರನ್ನು ದೂರ ಕಳಿಸುವುದೇ ಸರಿ. ಮಿತಿ ಮೀರಿ ತಿರುಗುವ ಎಂಜಿನ್ನಿನ ಬಿಡಿಭಾಗ ಸಿಡಿದು ಹೊರಬರಬಹುದು.

ಮಾಲೀಕರು ಮಾರನಹಳ್ಳಿಗೆ ಕೆಳಗಿನ ಒಂದು ಅಗಲವಾದ ತಿರುವಿನಿಂದ ಕರೆ ಮಾಡಿದ್ದರು. ಮೊದಲು ಸೀಟಿ ಊದಿದಂಥ ಸದ್ದು ಏರುತ್ತಾ ಬಂದು, ಆಮೇಲೆ ಡಬ್ ಎಂದು ಕೇಳಿ, ಕಪ್ಪು ಹೊಗೆಯೊಡನೆ ಪಿಕಪ್ ಹೋಯಿತೆಂದು ಹೇಳಿದರು. ಇಷ್ಟೇ ಆಗಿದ್ದರೆ ಹೋಸ್ ಹರಿದಿದೆ ಎಂದು ತಿಳಿಯಬಹುದಿತ್ತು. ಆದರೆ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದಾಗ ಹೊಗೆಯ ಬಣ್ಣ ಯಾವುದಿತ್ತೆಂದು ಕೇಳಿದ್ದಕ್ಕೆ, “ನೀಲಿ ಅಂತ ಹೇಳ್ಬಹುದು, ವಾಸನೆನೂ ಬೇರೆ ಥರ ಇತ್ತು” ಎಂದರು. ಕೂಡಲೇ ಕೀ ತೆಗೆದುಬಿಡುವಂತೆ, ಎಸಿಗಾಗಿ ಕೂಡ ಎಂಜಿನ್ ಆನ್ ಮಾಡದಂತೆ, ಎಲ್ಲರೂ ರಸ್ತೆಯ ತಡೆಗೋಡೆಯ ಹೊರಗೆ ಸುರಕ್ಷಿತವಾಗಿ ನಿಲ್ಲುವಂತೆ, ತಿರುವಿನ ಹಿಂದಿನಿಂದ ಬರುವವರಿಗೆ ಕಾಣುವ ದೂರದಲ್ಲಿ ಕೆಂಪು ತ್ರಿಕೋನ ಇಡುವಂತೆ ಹೇಳಿ ಫ್ಲಾಟ್‌ಬೆಡ್ ಹೊರಡಿಸಿದೆವು. ಸಂಚಾರಕ್ಕೆ ಅಡ್ಡಿಯಾಗುವಂತಿದ್ದರೆ ಹೆದ್ದಾರಿ ಪ್ರಾಧಿಕಾರದ 1033ಕ್ಕೆ ಕರೆ ಮಾಡುವಂತೆಯೂ ತಿಳಿಸಿದೆವು.

ಕಾರನ್ನು ಮೇಲಕ್ಕೆ ತಂದ ಬಗೆ

ಘಾಟಿಯಲ್ಲಿ ಹಗ್ಗ ಕಟ್ಟಿ ಎಳೆಯುವುದನ್ನು ನಾವು ಒಪ್ಪುವುದಿಲ್ಲ. ಎಂಜಿನ್ ಬಂದಾದ ಕಾರಿನಲ್ಲಿ ಬ್ರೇಕ್ ಬೂಸ್ಟರಿಗೆ ನಿರ್ವಾತ ಸಿಗದು. ಒಂದೆರಡು ಸಲ ಒತ್ತಿದ ಮೇಲೆ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಸ್ಟೀರಿಂಗ್ ಸಹ ಭಾರವಾಗುತ್ತದೆ. ಎಳೆಯುವ ವಾಹನಕ್ಕೂ ಎಳೆಸಿಕೊಳ್ಳುವ ವಾಹನಕ್ಕೂ ಐದು ಮೀಟರಿಗಿಂತ ಹೆಚ್ಚಿನ ಅಂತರ ಇರಬಾರದೆಂಬ ನಿಯಮವನ್ನು ಪಾಲಿಸುತ್ತಾ, ಲಾರಿಗಳ ನಡುವೆ, ತಿರುವಿನಲ್ಲಿ ಅಂಥ ಕಾರನ್ನು ನಿಯಂತ್ರಿಸುವುದು ಅನುಭವಿ ಚಾಲಕರಿಗೂ ಕಷ್ಟ. ಆಟೊಮ್ಯಾಟಿಕ್ ಕಾರುಗಳ ವಿಷಯದಲ್ಲಿ ಇನ್ನೊಂದು ತೊಂದರೆ ಇದೆ: ಎಂಜಿನ್ ತಿರುಗದಿದ್ದರೆ ಹೆಚ್ಚಿನ ಗೇರ್‌ಬಾಕ್ಸ್‌ಗಳ ಒಳಗಿನ ಆಯಿಲ್ ಪಂಪೂ ತಿರುಗದ ಕಾರಣ, ಚಾಲಕ ಚಕ್ರಗಳನ್ನು ನೆಲದ ಮೇಲೆ ಉರುಳಿಸಿ ಎಳೆದರೆ ಟರ್ಬೊ ಜೊತೆಗೆ ಗೇರ್‌ಬಾಕ್ಸೂ ಹೋಗುವ ಸಂಭವ ಉಂಟು.

ಹುಡುಗರು ಅಲ್ಲಿ ತಲುಪಿದ ಮೇಲೆ ಮಾಲೀಕರು, ಹೇಗೂ ಸ್ಟಾರ್ಟ್ ಆಗುತ್ತದಲ್ಲ, ತಾವೇ ಫ್ಲಾಟ್‌ಬೆಡ್ ಮೇಲೆ ಹತ್ತಿಸುವುದಾಗಿ ಹೇಳಿದರಂತೆ. ಬಹುತೇಕ ಎಲ್ಲರೂ ಹೀಗೆ ಹೇಳುತ್ತಾರೆ, ಸಹಾಯ ಮಾಡುವ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಇಳಿಜಾರಿನ ಪಟ್ಟಿಯ ಮೇಲೆ ಮೂಗು ಎತ್ತಿದ ಕಾರಿನಲ್ಲಿ ಇಂಟರ್‌ಕೂಲರ್‌ನ ತಳದಲ್ಲಿ ನಿಂತ ಆಯಿಲ್ ಎಂಜಿನ್ ಕಡೆಗೆ ಹರಿಯುವ ಸಾಧ್ಯತೆ ಇದೆ, ಅದೇ ಗಳಿಗೆಯಲ್ಲಿ ಆಕ್ಸಿಲರೇಟರ್ ಒತ್ತಬೇಕಾಗಿಯೂ ಬರುತ್ತದೆ. ಆದ್ದರಿಂದ ಕೀಯನ್ನು ಸ್ಟೀರಿಂಗ್ ಲಾಕ್ ಬಿಡುವಷ್ಟು ಮಾತ್ರ ತಿರುಗಿಸಿ, ನ್ಯೂಟ್ರಲ್‌ನಲ್ಲಿಟ್ಟು, ಬಂಪರಿನ ಮುಚ್ಚಳ ತೆಗೆದು ಟೋ ಹುಕ್ಕನ್ನು ಪೂರ್ತಿ ತಿರುಗಿಸಿ ಕೂರಿಸಿ, ವಿಂಚ್‌ನಿಂದ ನಿಧಾನವಾಗಿ ಮೇಲೆಳೆದೆವು. ಟೋ ಹುಕ್ಕಿನ ಬಗ್ಗೆ ಒಂದು ಮಾತು: ಕೆಲವು ಕಾರುಗಳಲ್ಲಿ ಅದರ ಥ್ರೆಡ್ ಎಡಮುಖವಾಗಿರುತ್ತದೆ, ಅಂದರೆ ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ, ಇದನ್ನು ಅರಿಯದೆ ಒತ್ತಾಯ ಮಾಡಿದರೆ ಥ್ರೆಡ್ ಕೆಡುತ್ತದೆ. ನಾಲ್ಕೂ ಚಕ್ರಗಳಿಗೆ ಟೈರಿನ ಮೇಲಿನಿಂದ ಬೆಲ್ಟ್ ಹಾಕಿ ಬಿಗಿಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಗೇರಿಗೆ ಹಾಕಿ, ಸಕಲೇಶಪುರಕ್ಕೆ ತಂದೆವು.

ಮೊದಲು ಕಂಡ ಕಾರಣ

ಇಳಿಸಿದ ಮೇಲೂ ಎಂಜಿನ್ ಸ್ಟಾರ್ಟ್ ಮಾಡದೆ ಮೊದಲು ಆಯಿಲ್ ಗೇಜ್ ಎಳೆದು ನೋಡಿದೆವು. ಮಟ್ಟ ಕನಿಷ್ಠ ಗುರುತಿಗಿಂತ ಕೆಳಗಿತ್ತು, ಆಯಿಲ್ ಕೈಗೆ ದಪ್ಪವೆನಿಸಿತು. ಸ್ಕ್ಯಾನರ್ ಹಾಕಿದಾಗ ಸಿಕ್ಕ ಕೋಡ್ ಪಿ0299, ಅಂದರೆ ಬೇಕಾದಷ್ಟು ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ) ಸಿಗುತ್ತಿಲ್ಲ ಎಂಬ ದೂರು. ಈ ಕೋಡ್ ಕಂಡೊಡನೆ ಟರ್ಬೊ ಬದಲಿಸಬೇಕೆಂದು ತೀರ್ಮಾನಿಸುವುದು ತಪ್ಪು. ಹರಿದ ಹೋಸ್, ಸೋರುವ ನಿರ್ವಾತದ ಪೈಪ್, ಕೆಟ್ಟ ಸೊಲೆನಾಯ್ಡ್, ಮಸಿ ಹಿಡಿದು ಸಿಕ್ಕಿಕೊಂಡ ವೇನ್‌ಗಳು, ತೆರೆದೇ ಉಳಿದ ಇಜಿಆರ್ ವಾಲ್ವ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಬಿಡುವ ವಾಲ್ವ್) ಇವುಗಳಲ್ಲಿ ಯಾವುದರಿಂದಲೂ ಅದೇ ಕೋಡ್ ಬರುತ್ತದೆ. ಎಂಜಿನ್ ಬಂದ್ ಇದ್ದು ಕೀ ಮಾತ್ರ ಆನ್ ಇದ್ದಾಗ ಬೂಸ್ಟ್ ಸೆನ್ಸರ್ ಸುಮಾರು 90 ಕಿಲೋಪ್ಯಾಸ್ಕಲ್ ತೋರಿಸಿತು. ಸಕಲೇಶಪುರದ ಎತ್ತರಕ್ಕೆ ವಾತಾವರಣದ ಒತ್ತಡ ಅಷ್ಟೇ ಇರಬೇಕಾದ್ದರಿಂದ ಸೆನ್ಸರ್ ಮೇಲಿನ ಅನುಮಾನ ಬಹುಮಟ್ಟಿಗೆ ದೂರವಾಯಿತು. ಇದು ಖರ್ಚಿಲ್ಲದ ಪರೀಕ್ಷೆ, ಎಲ್ಲರೂ ಮಾಡಬೇಕು.

ಗಾಳಿಯ ದಾರಿಯನ್ನು ಪರೀಕ್ಷಿಸಲು ನಾವು ಬಳಸುವ ಉಪಕರಣ ಅಂಗಡಿಯಿಂದ ತಂದದ್ದಲ್ಲ. ನೀರಿನ ಪೈಪಿಗೆ ಹಾಕುವ ಪಿವಿಸಿ ಎಂಡ್ ಕ್ಯಾಪಿಗೆ ರಂಧ್ರ ಕೊರೆದು ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸಿದರೆ ಅದು ಸಿದ್ಧ. ಟರ್ಬೊಗೆ ಗಾಳಿ ಬರುವ ಬಾಯಿಗೆ ಅದನ್ನು ಕ್ಲ್ಯಾಂಪ್ ಮಾಡಿ, ರೆಗ್ಯುಲೇಟರ್ ಮೂಲಕ 10 ಪಿಎಸ್‌ಐ ಮೀರದಂತೆ ಗಾಳಿ ಬಿಟ್ಟು, ಪ್ರತಿ ಜೋಡಣೆಗೂ ಸೋಪು ನೀರು ಹಚ್ಚಿದರೆ ಸೋರುವ ಜಾಗ ತಾನಾಗಿಯೇ ಕಾಣುತ್ತದೆ. ಇಲ್ಲಿ ಅಷ್ಟೂ ಬೇಕಾಗಲಿಲ್ಲ. ಗಾಳಿ ಬಿಟ್ಟ ಕೂಡಲೇ ಇಂಟರ್‌ಕೂಲರ್‌ನಿಂದ ಎಂಜಿನ್ನಿಗೆ ಹೋಗುವ ಹೋಸ್‌ನ ಕೆಳಬದಿಯಲ್ಲಿ ಬುಸುಗುಟ್ಟುವ ಸದ್ದು ಕೇಳಿತು. ಕಳಚಿ ನೋಡಿದರೆ ಬೆರಳುದ್ದದ ಸೀಳು. ಅದರ ಅಂಚು ಒಂದು ಭಾಗದಲ್ಲಿ ಹಳೆಯದಾಗಿ ಕಪ್ಪಾಗಿತ್ತು, ಉಳಿದ ಭಾಗ ಹೊಸದಾಗಿ ಹರಿದಿತ್ತು. ಅಂದರೆ ಸಣ್ಣ ಸೀಳಿನಿಂದ ಬಹಳ ಕಾಲದಿಂದ ಗಾಳಿ ಸೋರುತ್ತಿದ್ದು, ಘಾಟಿಯ ಹೊರೆಗೆ ಅದು ಪೂರ್ತಿ ಬಾಯಿ ಬಿಟ್ಟಿತ್ತು.

ಹೊಸ ಹೋಸ್ ಹಾಕಿ, ಕೋಡ್ ಅಳಿಸಿ, ಆಯಿಲ್ ತುಂಬಿ ಕಾರು ಒಪ್ಪಿಸುವುದು ಈ ಹಂತದಲ್ಲಿ ಸುಲಭ. ಮಾಲೀಕರೂ ಅದನ್ನೇ ಬಯಸಿದ್ದರು. ಹಾಗೆ ಒಪ್ಪಿಸಿದ್ದರೆ ಕಾರು ಒಂದಷ್ಟು ದಿನ ಓಡುತ್ತಲೂ ಇತ್ತು. ಆದರೆ ಕಳಚಿದ ಹೋಸ್‌ನಿಂದ ಸುರಿದ ಆಯಿಲ್ ನನ್ನನ್ನು ತಡೆಯಿತು. ಕ್ರ್ಯಾಂಕ್‌ಕೇಸ್ ಬ್ರೀದರ್ (ಎಂಜಿನ್ನಿನ ಕೆಳಭಾಗದ ಆವಿಯನ್ನು ಹೊರಬಿಡುವ ಪೈಪ್) ಮೂಲಕ ಬರುವ ಆಯಿಲ್ ಆವಿಯಿಂದ ಈ ಪೈಪುಗಳ ಒಳಗೆ ತೆಳುವಾದ ಜಿಡ್ಡು ಇರುವುದು ಸಹಜ, ಅದಕ್ಕೆ ಹೆದರಬೇಕಿಲ್ಲ. ಇಲ್ಲಿ ಇಂಟರ್‌ಕೂಲರನ್ನು ಬೋರಲು ಹಾಕಿದಾಗ ಟ್ರೇಯಲ್ಲಿ ಆಯಿಲ್ ಮಡುಗಟ್ಟಿತು.

ಶಾಫ್ಟ್ ಹೇಳಿದ್ದು

ಟರ್ಬೊದ ಶಾಫ್ಟ್ ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತು ಮೀರಿ ತಿರುಗುವಂಥದ್ದು. ಈ ಕಾರಿನಲ್ಲಿರುವಂಥ ಟರ್ಬೊದಲ್ಲಿ ಬಾಲ್ ಬೇರಿಂಗ್ ಇರುವುದಿಲ್ಲ. ಶಾಫ್ಟ್ ಹಿತ್ತಾಳೆ ಬಣ್ಣದ ಬುಷ್‌ಗಳ ನಡುವೆ ಆಯಿಲ್‌ನ ತೆಳು ಪದರದ ಮೇಲೆ ತೇಲುತ್ತದೆ. ಆ ಪದರ ಕ್ಷಣಕಾಲ ತಪ್ಪಿದರೂ ಲೋಹ ಲೋಹಕ್ಕೆ ಉಜ್ಜುತ್ತದೆ. ಗಾಳಿಯ ಬದಿಯ ಪೈಪ್ ಕಳಚಿ ಬೆರಳಿನಿಂದ ಶಾಫ್ಟನ್ನು ಅಲುಗಾಡಿಸಿದಾಗ ಅಡ್ಡಕ್ಕೆ ಸ್ವಲ್ಪ ಆಟ ಕಾಣುವುದು ದೋಷವಲ್ಲ, ಏಕೆಂದರೆ ಆಯಿಲ್ ಒತ್ತಡವಿಲ್ಲದಾಗ ಆ ಎಡೆ ಖಾಲಿ ಇರುತ್ತದೆ. ಹಿಂದೆ ಮುಂದೆ ಎಳೆದಾಗ ಮಾತ್ರ ಕೈಗೆ ಗೊತ್ತಾಗುವಷ್ಟು ಆಟ ಇರಲೇಬಾರದು; ಡಯಲ್ ಗೇಜ್ ಹಿಡಿದರೆ ಅದು ಸಾಮಾನ್ಯವಾಗಿ 0.1 ಮಿಲಿಮೀಟರ್ ಒಳಗಿರಬೇಕು. ಈ ಟರ್ಬೊದಲ್ಲಿ ಹಿಂದೆ ಮುಂದಿನ ಆಟ ಬೆರಳಿಗೇ ತಿಳಿಯುತ್ತಿತ್ತು, ಅಡ್ಡಕ್ಕೆ ಒತ್ತಿದಾಗ ಚಕ್ರದ ರೆಕ್ಕೆಯ ತುದಿ ಹೌಸಿಂಗಿಗೆ ತಾಗುತ್ತಿತ್ತು. ರೆಕ್ಕೆಗಳ ತುದಿಯಲ್ಲಿ ಉಜ್ಜಿದ ಹೊಳಪೂ ಕಂಡಿತು. ಕೈಯಿಂದ ನಡೆಸುವ ನಿರ್ವಾತ ಪಂಪ್ ಜೋಡಿಸಿದಾಗ ಆಕ್ಚುಯೇಟರ್ ರಾಡ್ ತಡೆಯಿಲ್ಲದೆ ಪೂರ್ತಿ ಚಲಿಸಿ, ನಿರ್ವಾತವನ್ನು ಹಿಡಿದುಕೊಂಡಿತು. ಆದ್ದರಿಂದ ವೇನ್‌ಗಳಲ್ಲಿ ತೊಂದರೆ ಇರಲಿಲ್ಲ.

ಹೋಸ್‌ನ ಸೀಳಿಗೂ ಶಾಫ್ಟಿನ ಸವೆತಕ್ಕೂ ಸಂಬಂಧ ಇದೆ. ಕಂಪ್ಯೂಟರ್ ಕೇಳಿದಷ್ಟು ಒತ್ತಡ ಮುಟ್ಟದಿದ್ದರೆ ಅದು ವೇನ್‌ಗಳನ್ನು ಇನ್ನಷ್ಟು ಮುಚ್ಚಿ ಟರ್ಬೊವನ್ನು ಇನ್ನಷ್ಟು ಓಡಿಸುತ್ತದೆ. ಸೋರಿಕೆಯನ್ನು ತುಂಬಿಕೊಡಲು ಶಾಫ್ಟ್ ತನ್ನ ಮಿತಿಯಾಚೆ ತಿರುಗುತ್ತದೆ. ಮಾಲೀಕರು ಕೇಳಿದ ಸೀಟಿ ಸದ್ದು ಏರುತ್ತಾ ಹೋದದ್ದು ಈ ಕಾರಣದಿಂದಲೇ ಇರಬೇಕು. ಆದರೂ ಬರೀ ಅತಿವೇಗದಿಂದ ಇಷ್ಟು ಸವೆತ ಆಗಿದೆಯೆಂದು ಒಪ್ಪಲು ಮನಸ್ಸಾಗಲಿಲ್ಲ. ಟರ್ಬೊ ತಾನಾಗಿಯೇ ಸಾಯುವುದು ಅಪರೂಪ, ಬಹುಪಾಲು ಅದನ್ನು ಬೇರೆ ಯಾವುದೋ ಕೊಂದಿರುತ್ತದೆ. ಆ ಬೇರೆಯದನ್ನು ಹುಡುಕದೆ ಹೊಸ ಟರ್ಬೊ ಕೂರಿಸಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಹುಡುಕಾಟವನ್ನು ಆಯಿಲ್ ಬರುವ ಸಣ್ಣ ಪೈಪಿನಿಂದ ಆರಂಭಿಸಿದೆವು. ಬ್ಲಾಕಿನ ಬದಿಯ ಬ್ಯಾಂಜೋ ಬೋಲ್ಟ್ (ಒಳಗೆ ಆಯಿಲ್ ಹರಿಯುವ ಟೊಳ್ಳು ಬೋಲ್ಟ್) ಬಿಚ್ಚಿದಾಗ ಅದರೊಳಗಿನ ಪುಟ್ಟ ಜಾಲರಿ ಅರ್ಧಕ್ಕಿಂತ ಹೆಚ್ಚು ಕಪ್ಪು ಚೂರುಗಳಿಂದ ಮುಚ್ಚಿಹೋಗಿತ್ತು. ಪೈಪಿನ ಬಾಗಿದ ಭಾಗದಲ್ಲೂ ಗಟ್ಟಿಯಾದ ಕಾರ್ಬನ್. ಇಷ್ಟು ಕಾರ್ಬನ್ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ಎಂಜಿನ್ನಿನ ಮೇಲ್ಭಾಗದಲ್ಲಿತ್ತು. ಪ್ಲಾಸ್ಟಿಕ್ ಹೊದಿಕೆ ತೆಗೆದಾಗ ಎರಡನೆಯ ಇಂಜೆಕ್ಟರಿನ ಸುತ್ತ ಡಾಂಬರಿನಂಥ ಕಪ್ಪು ಅಂಟು ಗಡ್ಡೆಗಟ್ಟಿತ್ತು. ಇಂಜೆಕ್ಟರಿನ ತಳದಲ್ಲಿ ಒಂದು ತಾಮ್ರದ ವಾಷರ್ ಇರುತ್ತದೆ. ದಹನದ ಒತ್ತಡವನ್ನು ಒಳಗೆ ಹಿಡಿದಿಡುವುದು ಅದರ ಕೆಲಸ. ಅದು ಸೋತರೆ ಉರಿದ ಅನಿಲ ಮೇಲಕ್ಕೆ ನುಗ್ಗಿ, ಈ ಬಗೆಯ ಎಂಜಿನ್ನಿನಲ್ಲಿ ಒಂದು ಪಾಲು ವಾಲ್ವ್ ಕವರಿನೊಳಕ್ಕೂ ಸೇರಿ ಆಯಿಲನ್ನು ಕೆಡಿಸುತ್ತದೆ. ಕೆಟ್ಟ ಆಯಿಲ್ ಕಾರ್ಬನ್ ಕಟ್ಟುತ್ತದೆ, ಆ ಕಾರ್ಬನ್ ಅತ್ಯಂತ ಕಿರಿದಾದ ದಾರಿಯಲ್ಲಿ, ಅಂದರೆ ಟರ್ಬೊದ ಜಾಲರಿಯಲ್ಲಿ, ಮೊದಲು ಸಿಕ್ಕಿಕೊಳ್ಳುತ್ತದೆ. ಕೆಲವು ರೂಪಾಯಿಯ ವಾಷರ್ ಸೋತದ್ದಕ್ಕೆ ಟರ್ಬೊ ಬಲಿಯಾದದ್ದು ಹೀಗೆ. ಕಾರು ತಣ್ಣಗಿದ್ದಾಗ ಎಂಜಿನ್ನಿನಿಂದ ಚುಸ್ ಚುಸ್ ಎಂಬ ಸದ್ದು ಬರುತ್ತಿತ್ತೇ ಎಂದು ಮಾಲೀಕರನ್ನು ಕೇಳಿದಾಗ, ಬಹಳ ದಿನಗಳಿಂದ ಬರುತ್ತಿತ್ತು, ಡೀಸೆಲ್ ಗಾಡಿಯ ಸಹಜ ಸದ್ದೆಂದು ಬಿಟ್ಟಿದ್ದೆವು ಎಂದರು.

ಜೋಡಣೆ

ನಾಲ್ಕೂ ಇಂಜೆಕ್ಟರ್‌ಗಳನ್ನು ಹೊರತೆಗೆದು, ಅವು ಕೂರುವ ಜಾಗವನ್ನು ಕಟರಿನಿಂದ ಹಗುರವಾಗಿ ಸಮಮಾಡಿ, ಚೂರುಗಳು ಸಿಲಿಂಡರಿಗೆ ಬೀಳದಂತೆ ಗ್ರೀಸ್ ಹಚ್ಚಿ ಹಿಡಿದು, ಹೊಸ ತಾಮ್ರದ ವಾಷರ್ ಹಾಗೂ ಹೊಸ ಕ್ಲ್ಯಾಂಪ್ ಬೋಲ್ಟ್ ಹಾಕಿದೆವು. ಹಳೆಯ ವಾಷರನ್ನು ಮತ್ತೆ ಬಳಸುವ ಪ್ರಶ್ನೆಯೇ ಇಲ್ಲ. ಆಯಿಲ್ ಚೇಂಬರ್ ಇಳಿಸಿ ನೋಡಿದಾಗ ಪಂಪಿಗೆ ಆಯಿಲ್ ಹೀರುವ ಸ್ಟ್ರೇನರ್ ಮೇಲೂ ಕೆಸರು ಕೂತಿತ್ತು; ಚೇಂಬರ್ ಮತ್ತು ಸ್ಟ್ರೇನರ್ ಎರಡನ್ನೂ ಕೈಯಿಂದಲೇ ತೊಳೆದೆವು. ಎಂಜಿನ್ ಫ್ಲಶ್ ದ್ರಾವಣ ಸುರಿದು ಓಡಿಸುವುದನ್ನು ಇಂಥ ಸ್ಥಿತಿಯಲ್ಲಿ ನಾನು ಮಾಡುವುದಿಲ್ಲ. ಅದು ಗೋಡೆಗೆ ಅಂಟಿದ ಕಾರ್ಬನ್ನನ್ನು ಒಮ್ಮೆಲೇ ಸಡಿಲಿಸಿ ಕಿರಿದಾದ ದಾರಿಗಳಿಗೇ ತಳ್ಳುವ ಭಯವಿದೆ.

ಟರ್ಬೊದ ವಿಷಯದಲ್ಲಿ ಎರಡೂ ಹೌಸಿಂಗ್‌ಗಳ ಒಳಮೈ ಚೆನ್ನಾಗಿದ್ದುದರಿಂದ, ಪೂರ್ತಿ ಹೊಸದರ ಬದಲು, ಅತಿವೇಗದಲ್ಲಿ ಬ್ಯಾಲೆನ್ಸ್ ಮಾಡಿ ಅದರ ವರದಿಯೊಂದಿಗೆ ಬರುವ ಕೋರ್ (ಶಾಫ್ಟ್, ಚಕ್ರ, ಬೇರಿಂಗ್ ಸೇರಿದ ಒಳಭಾಗ) ಮಾತ್ರ ಹಾಕಲು ನಿರ್ಧರಿಸಿ, ಆ ಕೆಲಸವನ್ನು ಟರ್ಬೊ ಕೆಲಸವನ್ನೇ ಮಾಡುವ ವರ್ಕ್‌ಶಾಪಿಗೆ ಒಪ್ಪಿಸಿದೆವು. ವೇನ್‌ಗಳ ಮಿತಿಯನ್ನು ಗೊತ್ತುಮಾಡುವ ಸ್ಟಾಪ್ ಸ್ಕ್ರೂವನ್ನು ಫ್ಲೋ ಬೆಂಚ್ (ಗಾಳಿಯ ಹರಿವು ಅಳೆಯುವ ಯಂತ್ರ) ಇಲ್ಲದೆ ಯಾರೂ ಮುಟ್ಟಬಾರದು. ಕಾಲು ಸುತ್ತು ತಿರುಗಿಸಿದರೂ ಬೂಸ್ಟ್ ಲೆಕ್ಕ ತಪ್ಪುತ್ತದೆ. ಆಯಿಲ್ ಬರುವ ಪೈಪ್, ಬ್ಯಾಂಜೋ ಬೋಲ್ಟ್, ಅದರ ವಾಷರ್‌ಗಳು, ಹಿಂತಿರುಗುವ ಪೈಪಿನ ಗ್ಯಾಸ್ಕೆಟ್ ಎಲ್ಲವನ್ನೂ ಹೊಸದಾಗಿ ಹಾಕಿದೆವು. ಈ ಗ್ಯಾಸ್ಕೆಟ್‌ಗಳಿಗೆ ಸಿಲಿಕೋನ್ ಅಂಟು ಹಚ್ಚಲಿಲ್ಲ, ಏಕೆಂದರೆ ಬಿಗಿಮಾಡುವಾಗ ಒಳಕ್ಕೆ ಒಸರಿದ ಅಂಟಿನ ಎಳೆ ಹರಿದುಹೋಗಿ ಆಯಿಲ್ ದಾರಿಯನ್ನೇ ಮುಚ್ಚಬಹುದು. ಬ್ರೀದರ್ ಪೈಪನ್ನೂ ತೆರೆದು ಸ್ವಚ್ಛ ಮಾಡಿದೆವು. ಅದು ಕಟ್ಟಿದರೆ ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಏರಿ, ಟರ್ಬೊದಿಂದ ಕೆಳಗಿಳಿಯಬೇಕಾದ ಆಯಿಲ್ ಇಳಿಯದೆ ಸೀಲ್ ದಾಟುತ್ತದೆ, ಹೊಸ ಟರ್ಬೊ ಸೋರುತ್ತಿದೆ ಎಂಬ ತಪ್ಪು ದೂರು ಬರುತ್ತದೆ.

ಇಂಟರ್‌ಕೂಲರಿಗೆ ಎಲ್ಲಕ್ಕಿಂತ ಹೆಚ್ಚು ಸಮಯ ಕೊಟ್ಟೆವು. ಸೀಮೆಎಣ್ಣೆ ತುಂಬಿ ಅಲುಗಾಡಿಸಿ ಸುರಿಯುವುದನ್ನು, ಬರುವ ದ್ರವ ತಿಳಿಯಾಗುವವರೆಗೆ ಮುಂದುವರಿಸಿ, ಆಮೇಲೆ ಗಾಳಿ ಹಾಯಿಸಿ, ಬಿಸಿಲಿನಲ್ಲಿ ಬೋರಲು ಇಟ್ಟು ಪೂರ್ತಿ ಒಣಗಿಸಿದೆವು. ಒಳಗೆ ಉಳಿದ ಆಯಿಲ್ ಆಗಲಿ ಸೀಮೆಎಣ್ಣೆಯಾಗಲಿ ಮೊದಲ ಸ್ಟಾರ್ಟಿನಲ್ಲಿ ಎಂಜಿನ್ನನ್ನು ರೇಸ್ ಹಿಡಿಸಲು ಸಾಕು. ಅದೇ ಕಾರಣಕ್ಕೆ ಮೊದಲ ಸ್ಟಾರ್ಟಿನ ವೇಳೆ ಕಾರ್ಬನ್ ಡೈಆಕ್ಸೈಡ್ ಅಗ್ನಿಶಾಮಕವನ್ನು ಗಾಳಿಯ ಬಾಯಿಯ ಪಕ್ಕದಲ್ಲೇ ಸಿದ್ಧವಾಗಿ ಇಟ್ಟುಕೊಂಡೆವು.

ಕಂಪನಿಯ ಕೈಪಿಡಿ ಹೇಳಿದ ದರ್ಜೆಯ ಹೊಸ ಆಯಿಲ್ ಮತ್ತು ಫಿಲ್ಟರ್ ಹಾಕಿ, ಟರ್ಬೊದ ಆಯಿಲ್ ರಂಧ್ರಕ್ಕೆ ಕೈಯಿಂದಲೇ ಆಯಿಲ್ ತುಂಬಿ, ಚಕ್ರವನ್ನು ಬೆರಳಿನಿಂದ ತಿರುಗಿಸಿದ ಬಳಿಕ ಪೈಪ್ ಜೋಡಿಸಿದೆವು. ಇಂಜೆಕ್ಟರ್ ಕನೆಕ್ಟರ್‌ಗಳನ್ನು ಕಳಚಿಟ್ಟು, ಆಯಿಲ್ ಲೈಟ್ ಆರುವವರೆಗೆ ಸ್ವಲ್ಪ ಸ್ವಲ್ಪವೇ ಕ್ರ್ಯಾಂಕ್ ಮಾಡಿದೆವು. ಆಮೇಲೆ ಟರ್ಬೊದಿಂದ ಹಿಂತಿರುಗುವ ಪೈಪನ್ನು ಅಳತೆಯ ಪಾತ್ರೆಯೊಂದಕ್ಕೆ ತಿರುಗಿಸಿ ಸ್ಟಾರ್ಟ್ ಮಾಡಿ, ಐಡಲ್‌ನಲ್ಲಿ 60 ಸೆಕೆಂಡು ಹಿಡಿದೆವು. ನಾವು ಅನುಸರಿಸುವ ಅಳತೆ ಕನಿಷ್ಠ 300 ಮಿಲಿಲೀಟರ್. ಪಾತ್ರೆಯಲ್ಲಿ ಅದಕ್ಕಿಂತ ಸಾಕಷ್ಟು ಹೆಚ್ಚೇ ಸಿಕ್ಕಿತು. ಈ ಪರೀಕ್ಷೆಯಲ್ಲಿ ಎಂಜಿನ್ ಆಯಿಲ್ ಹೊರಗೆ ಹೋಗುತ್ತಿರುತ್ತದಾದ್ದರಿಂದ ಹೊತ್ತು ಮೀರಿಸದೆ ನಿಲ್ಲಿಸಿ, ಮಟ್ಟವನ್ನು ಮತ್ತೆ ಸರಿಪಡಿಸಬೇಕು. ಪೈಪ್ ಮೊದಲಿನಂತೆ ಜೋಡಿಸಿ, ಎಂಜಿನ್ನನ್ನು ಆಕ್ಸಿಲರೇಟರ್ ಮುಟ್ಟದೆ ಬಿಸಿಯಾಗಲು ಬಿಟ್ಟೆವು. ಮೊದಲಿಗೆ ಬಂದ ಬಿಳಿ ಹೊಗೆ ಸೈಲೆನ್ಸರ್‌ನಲ್ಲಿ ಉಳಿದಿದ್ದ ಹಳೆಯ ಆಯಿಲ್‌ನದು. ಅದು ಕ್ರಮೇಣ ತೆಳುವಾಗಿ ನಿಂತಿತು.

ರಸ್ತೆಯ ಪರೀಕ್ಷೆಯನ್ನು ಅದೇ ಘಾಟಿಯಲ್ಲಿ ಮಾಡಿದೆವು. ಗುಂಡ್ಯದವರೆಗೆ ಇಳಿದು, ಮೂರನೆಯ ಗೇರಿನಲ್ಲಿ ಏರುತ್ತಾ, ಕಂಪ್ಯೂಟರ್ ಕೇಳಿದ ಬೂಸ್ಟ್ ಮತ್ತು ನಿಜವಾಗಿ ಸಿಕ್ಕ ಬೂಸ್ಟ್ ಎರಡನ್ನೂ ಸ್ಕ್ಯಾನರ್‌ನಲ್ಲಿ ಒಟ್ಟಿಗೆ ನೋಡಿದೆವು. ಪೂರ್ಣ ಹೊರೆಯಲ್ಲಿ ಎರಡೂ 200 ಕಿಲೋಪ್ಯಾಸ್ಕಲ್ ದಾಟಿದ ಮೇಲೆ ಜೊತೆಜೊತೆಯಾಗಿಯೇ ಸಾಗಿದವು, ಆಕ್ಸಿಲರೇಟರ್ ಬಿಟ್ಟಾಗ ಒಟ್ಟಿಗೇ ಇಳಿದವು. ಸಕಲೇಶಪುರ ತಲುಪಿದ ಮೇಲೆ ಹೋಸ್ ಕಳಚಿ ಒಳಗೆ ಬಿಳಿ ಬಟ್ಟೆ ಹಾಯಿಸಿದಾಗ ಜಿಡ್ಡು ಹತ್ತಲಿಲ್ಲ.

ಎಂಜಿನ್ನಿನೊಳಗೆ ಉಳಿದಿರಬಹುದಾದ ಕಾರ್ಬನ್‌ಗಾಗಿ, 500 ಕಿಲೋಮೀಟರ್ ಓಡಿದ ಕೂಡಲೇ ಆಯಿಲ್ ಮತ್ತು ಫಿಲ್ಟರ್ ಮತ್ತೊಮ್ಮೆ ಬದಲಿಸಬೇಕೆಂದು ಮಾಲೀಕರಿಗೆ ಬರೆದುಕೊಟ್ಟೆವು. ಅವರು ತಪ್ಪದೆ ಬಂದರು. ಆ ಫಿಲ್ಟರನ್ನು ಕತ್ತರಿಸಿ ಬಿಡಿಸಿದಾಗ ಮಡಿಕೆಗಳ ನಡುವೆ ಕಪ್ಪು ಚೂರುಗಳು ಇನ್ನೂ ಸಿಕ್ಕವು, ಲೋಹದ ಹೊಳಪು ಎಲ್ಲೂ ಇರಲಿಲ್ಲ. ಟರ್ಬೊದ ಬ್ಯಾಂಜೋ ಬೋಲ್ಟಿನ ಜಾಲರಿ ಸ್ವಚ್ಛವಾಗಿಯೇ ಇತ್ತು. ಆದರೂ ಫಿಲ್ಟರ್‌ನಲ್ಲಿ ಚೂರುಗಳು ಬರುವುದು ನಿಲ್ಲುವವರೆಗೆ ಆಯಿಲ್ ಬದಲಿಸುವ ಅವಧಿಯನ್ನು 5,000 ಕಿಲೋಮೀಟರಿಗೆ ಇಳಿಸಿ, ಪ್ರತಿ ಬಾರಿಯೂ ಆ ಜಾಲರಿಯನ್ನು ಬಿಚ್ಚಿ ನೋಡುವಂತೆ ಜಾಬ್ ಕಾರ್ಡಿನಲ್ಲಿ ಗುರುತು ಹಾಕಿದ್ದೇವೆ.